ಕೆಳಗಿನ ಎರಡು ಸಾಲು

ರೈಟರ ಬಲಗೈ ಉಗುರುಗಳ ಸಂದಿಯಲ್ಲಿ ಯಾವಾಗಲೂ ಅಕ್ಕಿಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಮೊದಲ ಸಲ ನನ್ನ ಜೆರಾಕ್ಸ್ ಅಂಗಡಿಗೆ ಬಂದಾಗ, ಮನೆಯಲ್ಲಿ ರೊಟ್ಟಿ ತಟ್ಟುವ ಕೆಲಸ ಇವರದೇ ಇರಬೇಕೆಂದು ಒಳಗೊಳಗೇ ನಕ್ಕಿದ್ದೆ. ಅದು ವೀರಗಲ್ಲು ಓದಲು ಇಟ್ಟುಕೊಂಡ ಹಿಟ್ಟೆಂದು ಆಮೇಲೆ ತಿಳಿಯಿತು. ಕಲ್ಲಿನ ಮೇಲೆ ಸವರಿ ಅಂಗೈಯಿಂದ ಒರೆಸಿದರೆ, ಸವೆದ ಅಕ್ಷರದ ಗೀರಿನಲ್ಲಿ ಮಾತ್ರ ಬಿಳುಪು ಉಳಿಯುತ್ತದೆ. "ಸುಣ್ಣ ಬಳೀಬಾರ್ದು ಮಾರಾಯ. ಹಿಟ್ಟಾದ್ರೆ ನಾಳೆ ಹೊತ್ಗೆ ಇರುವೆ ತಿಂದು ಕ್ಲೀನ್ ಮಾಡ್ಬುಡ್ತವೆ" ಎನ್ನುತ್ತಿದ್ದರು.

ಜೀವಮಾನವಿಡೀ ಎಸ್ಟೇಟಿನಲ್ಲಿ ರೈಟರಾಗಿ ಆಳುಗಳ ಹಾಜರಿ ಬರೆದು ನಿವೃತ್ತರಾದವರು. ಸತ್ತವರ ಹಾಜರಿಯನ್ನೂ ತಾವೇ ಕೂಗಬೇಕೆಂದು ಅವರಿಗೆ ಅನಿಸಿತ್ತೋ ಏನೋ. ಬಾಳ್ಳುಪೇಟೆಯಲ್ಲಿ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ತಿಂಗಳ ಮೂರನೇ ಭಾನುವಾರ ಸಂಜೆ ನಮ್ಮ ಸೀಮೆಯ ಚರಿತ್ರೆ ಕುರಿತು ಮಾತಾಡುತ್ತಿದ್ದರು. ಘಟ್ಟ ಇಳಿಯುವ ಹಳೆಯ ಎತ್ತಿನ ಜಾಡು, ಎಡಕುಮೇರಿಯ ರೈಲು ಹಳಿ ಹಾಸಿದವರು, ಊರುಗಳ ಹೆಸರು, ಹೀಗೆ. ಬರುತ್ತಿದ್ದವರು ಹತ್ತೋ ಹನ್ನೆರಡೋ ಜನ. ಕಿಟಕಿಯಾಚೆಗೇ ಹೆದ್ದಾರಿ. ಲಾರಿ ಬಂದರೆ ರೈಟರು ತೋರುಬೆರಳೆತ್ತಿ ನಿಲ್ಲುತ್ತಿದ್ದರು. ಸದ್ದು ದೂರವಾದ ಮೇಲೆ, ಬಿಟ್ಟ ಪದದಿಂದಲೇ ಮತ್ತೆ ಶುರು. ಒಂದು ಅಕ್ಷರವನ್ನೂ ಲಾರಿಗೆ ಬಿಟ್ಟುಕೊಟ್ಟವರಲ್ಲ.

ಅವರದೊಂದು ಕಟ್ಟುನಿಟ್ಟು ಇತ್ತು. ಕಲ್ಲಿನ ಬಗ್ಗೆ ಎಷ್ಟು ಬೇಕಾದರೂ ಹೇಳುವರು, ಅದು ಯಾರ ತೋಟದಲ್ಲಿದೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಕೇಳಿದರೆ, "ಕಲ್ಲು ಐತೆ ಅಂತ ಗೊತ್ತಾದ್ರೆ ನಿಧಿ ಹುಡ್ಕೋರು ಬರ್ತಾರೆ, ಇಲ್ಲಾ ತೋಟದೋರು ಹೆದ್ರುಕೊಳ್ತಾರೆ. ಎರಡೂ ಕಲ್ಲಿಗೆ ಒಳ್ಳೇದಲ್ಲ ಕಣೋ" ಎನ್ನುತ್ತಿದ್ದರು.

ಬೆಳಗೋಡಿನ ಕಡೆ ಸಣ್ಣ ಹಿಡುವಳಿದಾರರೊಬ್ಬರ ಕಾಫಿ ತೋಟದಲ್ಲಿ ಅವರಿಗೊಂದು ಕಲ್ಲು ಸಿಕ್ಕಿತು. ಬೈಕಿನಲ್ಲಿ ಕರೆದೊಯ್ದವನು ನಾನೇ, ಹಾಗಾಗಿ ತೋಟ ಯಾರದೆಂದು ನನಗೆ ಗೊತ್ತಿತ್ತು. ದನ ಕದಿಯಲು ಬಂದವರೊಡನೆ ಹೋರಾಡಿ ಸತ್ತವನ ಕಲ್ಲು. ಅವನ ಹೆಸರು ಓದಿದರು, ಸತ್ತ ಬಗೆಯನ್ನೂ ಓದಿದರು. ಕೆಳಗಿನ ಎರಡು ಸಾಲು ಮಣ್ಣಿನಲ್ಲಿ ಹೂತಿದ್ದವು, ಬೆರಳಿಗಷ್ಟೇ ತಗಲುತ್ತಿದ್ದವು. "ಅಲ್ಲೇ ಇರೋದು ಮಾರಾಯ, ಅವನಿಗೆ ಕಲ್ಲು ನಿಲ್ಸಿದ್ದು ಯಾರು ಅಂತ. ಹೆಂಡ್ತಿಯೋ, ತಮ್ಮನೋ. ಅತ್ತೋರ ಹೆಸ್ರು ಸಿಗದೆ ಸತ್ತೋನ ಕತೆ ಅರ್ಧ" ಎಂದರು. ತೋಟದ ಮನೆಯವರಿಗೆ ಕಾಫಿ ಹಣ್ಣು ಕೊಯ್ಯುವ ಗಡಿಬಿಡಿ. ಅದು ಮುಗಿದ ಮೇಲೆ ಕೇಳಿ, ಮಣ್ಣು ಬಿಡಿಸಿ ಓದುವುದೆಂದು ಬಂದಿದ್ದರು.

ಆ ತಿಂಗಳ ಮಾತು ಅದೇ ಕಲ್ಲಿನ ಬಗ್ಗೆ. ಜನ ಹೆಚ್ಚು ಬರಲಿ ಎಂಬ ಚಪಲ ನನಗೆ. ಮಾತಿಗೆ ಕರೆಯುವ ಚೀಟಿಯಲ್ಲಿ ತೋಟದವರ ಹೆಸರನ್ನೂ ದಪ್ಪಕ್ಷರದಲ್ಲಿ ಹಾಕಿ, ಬೆಳಗೋಡು ಬಸ್ಸಿಗೆ ಹತ್ತುವವರಿಗೆಲ್ಲ ಹಂಚಿಬಿಟ್ಟೆ. ರೈಟರಿಗೆ ತೋರಿಸಲಿಲ್ಲ. ತೋರಿಸಿದರೆ ಬೇಡವೆನ್ನುತ್ತಾರೆಂದು ಗೊತ್ತಿತ್ತು. ಕೋಣೆ ತುಂಬಿತು, ಮೆಟ್ಟಿಲ ಮೇಲೂ ಜನ ಕೂತರು. ನಾನು ಉಬ್ಬಿಹೋದೆ.

ಕೊಯ್ಲು ಮುಗಿದ ಮೇಲೆ ರೈಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದೆ. ಕಲ್ಲಿದ್ದ ಜಾಗ ಸಪಾಟಾಗಿತ್ತು. ತೋಟದವರು ಎದುರು ಬಂದು ತಲೆ ತಗ್ಗಿಸಿದರು.

"ನಮಗಿರೋದೇ ಮೂರೆಕ್ರೆ ಕಣ್ರೀ. ಗೌರ್ಮೆಂಟ್ನೋರು ಬಂದು ಬೇಲಿ ಹಾಕ್ತಾರೆ, ಜಾಗ ಹೋಯ್ತದೆ ಅಂತ ಊರೋರು ಅಂದ್ರು. ಭಯ ಆಗ್ಬುಡ್ತು. ಪುಡಿಪುಡಿ ಒಡ್ದು ಮೋರಿ ಕಾಂಕ್ರೀಟಿಗೆ ಹಾಕ್ಬುಟ್ವಿ."

"ಕೆಳಗಡೆ ಅಕ್ಷರ ಇದ್ವಾ?"

"ಇದ್ವು. ನಮಗೇನು ಗೊತ್ತಾಯ್ತದೆ?"

ರೈಟರು ರೇಗಲಿಲ್ಲ. ಅವರು ಕೊಟ್ಟ ಕಾಫಿ ಕುಡಿದರು. ನಾನು ಲೋಟ ಹಾಗೇ ಇಟ್ಟು, ಬೈಕ್ ತಿರುಗಿಸುವ ನೆಪದಲ್ಲಿ ಹೊರಗೆ ಬಂದೆ. ಹಿಂದಿರುಗಿ ಬೈಕಿನಿಂದ ಇಳಿಯುವಾಗ, "ಅವ್ರ ತಪ್ಪಲ್ಲ ಮಾರಾಯ. ಭೂಮಿ ಅಂದ್ರೆ ಯಾರಿಗಾದ್ರೂ ಭಯ ಇರ್ತದೆ" ಎಂದರು. ಆಗಲೇ ಹೇಳಬೇಕಿತ್ತು, ಚೀಟಿ ನನ್ನದೆಂದು. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ನಾನು ಹೇಡಿ.

ಮುಂದಿನ ಮೂರನೇ ಭಾನುವಾರವೂ ಬಂದರು, ಅದರ ಮುಂದಿನದಕ್ಕೂ. ಮಾತಾಡಿದರು, ಲಾರಿಗೆ ಬೆರಳೆತ್ತಿದರು, ನಾನು ಕೊಟ್ಟ ಟೀ ಕುಡಿದರು. ಆದರೆ ಉಗುರುಗಳು ತೊಳೆದಿಟ್ಟ ಹಾಗೆ ಸ್ವಚ್ಛವಾಗಿದ್ದವು. ಅವರು ಮತ್ತೆ ಕಲ್ಲು ಹುಡುಕಿಕೊಂಡು ಹೋಗಲಿಲ್ಲ.

ಮರುವರ್ಷ ಕಾಫಿ ಹೂವಾಗುವ ಹೊತ್ತಿಗೆ ಉಬ್ಬಸ ಹೆಚ್ಚಾಗಿ ತೀರಿಕೊಂಡರು. ಹನ್ನೊಂದನೆಯ ದಿನ ಅವರ ತಂಗಿ ಒಂದು ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. "ನಿಮಗೇ ಕೊಡ್ಬೇಕು ಅಂದಿದ್ರು ಅಣ್ಣ." ಆ ಕಲ್ಲಿನ ಪುಟ ತೆರೆದೆ. ಹಾಜರಿ ಪುಸ್ತಕದ ದುಂಡಗಿನ ಅಕ್ಷರದಲ್ಲಿ ಒಂಬತ್ತು ಸಾಲು. ಕೆಳಗೆ ಹತ್ತು, ಹನ್ನೊಂದು ಎಂದು ಅಂಕಿ ಹಾಕಿ ಖಾಲಿ ಬಿಟ್ಟಿದ್ದರು. ಅಲ್ಲೇ ನಾಲ್ಕು ಮಡಿಕೆಯಾಗಿ ನನ್ನ ಚೀಟಿ ಇತ್ತು. ನಾನು ಬೈಕ್ ತಿರುಗಿಸುತ್ತಿದ್ದಾಗ ತೋಟದವರು ಕೊಟ್ಟಿರಬೇಕು. ಅಂದರೆ ಅಂದಿನಿಂದಲೂ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಬೈಕಿನ ಹಿಂದೆ ಕೂತು ಬಂದರು, ನನ್ನ ಟೀ ಕುಡಿದರು.

ಈಗ ಮೂರನೇ ಭಾನುವಾರ ಆ ನೋಟ್‌ಬುಕ್ ಹಿಡಿದು ನಾನೇ ನಿಲ್ಲುತ್ತೇನೆ. ಒಂಬತ್ತು ಸಾಲು ಓದಿ ಸುಮ್ಮನಾಗುತ್ತೇನೆ. ಲಾರಿ ಬಂತೇನೋ ಎಂದು ಜನ ಕಿಟಕಿಯ ಕಡೆ ನೋಡುತ್ತಾರೆ. ರಸ್ತೆ ಖಾಲಿ ಇರುತ್ತದೆ. ಆಮೇಲೆ ಚೀಟಿ ಬಿಡಿಸಿ, ಉಳಿದೆರಡು ಸಾಲು ಏಕೆ ಇಲ್ಲವೆಂದು ಅವರಿಗೆ ಹೇಳುತ್ತೇನೆ.