ನೂರ ನಲವತ್ತನೇ ಸಾಲು

ಲಿಫ್ಟ್ ರಿಪೇರಿಯಿಂದ ನಿವೃತ್ತನಾದ ಮನುಷ್ಯನಿಗೆ ಅಳತೆಯ ಹುಚ್ಚು ಬಿಡುವುದಿಲ್ಲ. ಲಿಫ್ಟು ನೆಲಕ್ಕಿಂತ ಅರ್ಧ ಬೆರಳು ಮೇಲೆ ನಿಂತರೂ ಯಾರಾದರೂ ಎಡವಿ ಬೀಳುತ್ತಾರೆ ಎಂದು ಮೂವತ್ತೈದು ವರ್ಷ ಜೀವ ತೇಯ್ದವನು, ಈಗ ಹಳೆಯ ಕಂಪ್ಯೂಟರುಗಳ ಬೆನ್ನು ಹತ್ತಿದ್ದ. ಸರಿಯಾಗಿ ಹೇಳಬೇಕೆಂದರೆ ಹಳೆಯ ಕಂಪ್ಯೂಟರುಗಳದ್ದಲ್ಲ, ಅವುಗಳ ವೇಷಗಳ ಬೆನ್ನು. ಎಮ್ಯುಲೇಟರ್ ಎನ್ನುತ್ತಾರೆ. ಹೊಸ ಕಂಪ್ಯೂಟರಿಗೆ ಅದನ್ನು ಹಾಕಿದರೆ ಸಾಕು, ನಲವತ್ತು ವರ್ಷದ ಹಿಂದಿನ ಯಂತ್ರದಂತೆ ನಡೆದುಕೊಳ್ಳುತ್ತದೆ: ಅದೇ ನೀಲಿ ಪರದೆ, ಅದೇ ಕೀರಲು ದನಿ, ಅದೇ ಆಮೆಯ ನಡಿಗೆ. ಒಂದೊಂದು ಯಂತ್ರಕ್ಕೂ ನಾಲ್ಕಾರು ಜನ ನಾಲ್ಕಾರು ವೇಷ ಹೊಲಿದಿದ್ದಾರೆ. ಯಾವುದು ಸರಿಯಾಗಿ ಕೂರುತ್ತದೆ ಎಂದು ಹೋಲಿಸಿ ಅಂಕ ಹಾಕುವುದು ಇವನ ಕೆಲಸ. ಯಾರೂ ಒಪ್ಪಿಸಿದ್ದಲ್ಲ, ತಾನಾಗಿ ತಲೆಯ ಮೇಲೆ ಹೊತ್ತುಕೊಂಡದ್ದು. ಹಳೇ ಯಂತ್ರಗಳ ಮೋಹಿಗಳ ಕೂಟದಲ್ಲಿ ಇವನಿಗೆ ಸ್ಟಾಪ್‌ವಾಚ್ ಎಂದೇ ಹೆಸರು. ನಾವೂ ಹಾಗೇ ಕರೆಯೋಣ.

ಅವನ ಪದ್ಧತಿ ಬಲು ಕಟ್ಟುನಿಟ್ಟು. ಪ್ರತಿ ಪರೀಕ್ಷೆ ಹತ್ತು ಸಲ. ಅತಿ ಹೆಚ್ಚಿನದೊಂದು, ಅತಿ ಕಡಿಮೆಯದೊಂದು ಬಿಟ್ಟು ಉಳಿದ ಎಂಟರ ಸರಾಸರಿ. ಎಲ್ಲವೂ ಪೆನ್ಸಿಲಿನಲ್ಲಿ, ಚೌಕಳಿ ಪುಸ್ತಕದಲ್ಲಿ. ಅದು ನಡೆಯುವಾಗ ಮನೆಗೆ ಯಾರೇ ಬಂದರೂ ಕೈ ಎತ್ತಿ ತಡೆಯುವನೇ ಹೊರತು ತಲೆ ಎತ್ತುತ್ತಿರಲಿಲ್ಲ.

ಈ ಸಲ ಹೋಲಿಕೆಗೆ ಬಂದದ್ದು ಅವನ ಇಪ್ಪತ್ತೆರಡನೇ ವಯಸ್ಸಿನಲ್ಲಿ ಮನೆಯಲ್ಲಿದ್ದ ಯಂತ್ರ. ಕಂಪನಿಯ ಸಾಹೇಬರು ಬೇಡವೆಂದು ಎತ್ತಿ ಕೊಟ್ಟದ್ದು. ಅದರಲ್ಲಿ ಅವನು ಅಕ್ಕನಿಗಾಗಿ ಟೈಪಿಂಗ್ ಕಲಿಸುವ ಪ್ರೋಗ್ರಾಂ ಬರೆದಿದ್ದ. ಯಂತ್ರ ಎಂದೋ ಮಣ್ಣು ಸೇರಿದರೂ ಪ್ರೋಗ್ರಾಂ ತುಂಬಿಟ್ಟಿದ್ದ ಕ್ಯಾಸೆಟ್ ಉಳಿದಿತ್ತು.

ಅಕ್ಕ ಅವನಿಗಿಂತ ಎರಡು ವರ್ಷ ದೊಡ್ಡವಳು. ಆಗ ನಗರದ ದೊಡ್ಡ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸಕ್ಕೆ ಪರೀಕ್ಷೆ ಕರೆದಿದ್ದರು. ನಿಮಿಷಕ್ಕೆ ನಲವತ್ತು ಪದ ಹೊಡೆಯಬೇಕು. ಅಕ್ಕ ತಮ್ಮನ ಪ್ರೋಗ್ರಾಮಿನಲ್ಲೇ ಮೂರು ತಿಂಗಳು ಬೆರಳು ಸವೆಸಿದಳು. ಪರದೆ ಮಾತ್ರ ಮೂವತ್ತೆಂಟಕ್ಕೆ ನಿಂತುಬಿಟ್ಟಿತು, ಒಂದು ದಿನವೂ ಮೂವತ್ತೊಂಬತ್ತು ಎನ್ನಲಿಲ್ಲ. ‘ಮೂವತ್ತೆಂಟು ಇಟ್ಕೊಂಡು ಅಲ್ಲಿ ಹೋಗಿ ಮರ್ಯಾದೆ ಕಳ್ಕೊಳ್ಳಲಾ?’ ಎಂದು ಪ್ರವೇಶಪತ್ರವನ್ನು ಹರಿದು ಹಾಕಿದಳು. ಆಮೇಲೆ ಬಾಟಲಿ ಕಾರ್ಖಾನೆ ಸೇರಿ, ಬೆಲ್ಟಿನ ಮೇಲೆ ಸಾಲಾಗಿ ಬರುವ ಬಾಟಲಿಗಳಲ್ಲಿ ಬಿರುಕು ಹುಡುಕುತ್ತ ಮೂವತ್ತೊಂದು ವರ್ಷ ಕಳೆದಳು. ಮೇಲ್ವಿಚಾರಕಿ ಮಾಡುತ್ತೇವೆಂದು ಎರಡು ಸಲ ಕರೆದರು. ‘ನಂಗೆಲ್ಲಿದೆ ಅಷ್ಟು ಚುರುಕು’ ಎಂದು ಎರಡು ಸಲವೂ ನಕ್ಕು ಕೈಮುಗಿದಳು.

ಮನೆಯಲ್ಲಿ ಅದೊಂದು ನುಡಿಗಟ್ಟೇ ಆಗಿಹೋಯಿತು. ಉಪ್ಪು ಕಡಿಮೆಯಾದರೆ ಮೂವತ್ತೆಂಟು. ಬಸ್ಸು ಕಣ್ಣೆದುರೇ ಹೊರಟುಹೋದರೆ ಮೂವತ್ತೆಂಟು. ಮದುವೆಯಾಗಿ ಬಂದ ಭಾವನಿಗೂ ಮೊದಲ ವಾರದಲ್ಲೇ ಬಾಯಿಪಾಠವಾಯಿತು. ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅಕ್ಕನೇ.

ಸ್ಟಾಪ್‌ವಾಚ್ ಆ ಪ್ರೋಗ್ರಾಮನ್ನೇ ಅಳತೆಗೋಲು ಮಾಡಿಕೊಂಡ. ಆ ಯಂತ್ರದೊಳಗೆ ಗಡಿಯಾರವಿರಲಿಲ್ಲ. ಒಂದರಿಂದ ಇಷ್ಟರವರೆಗೆ ಎಣಿಸು, ಎಣಿಸಿ ಮುಗಿದರೆ ಒಂದು ನಿಮಿಷ ಎಂದು ಪ್ರೋಗ್ರಾಂ ಬರೆದವನೇ ಹೇಳಿಕೊಡಬೇಕು. ಎಮ್ಯುಲೇಟರಿನ ವೇಗ ಹಳೆಯ ಯಂತ್ರದಷ್ಟೇ ಇದ್ದರೆ ಆ ನಿಮಿಷ ಅರವತ್ತು ಸೆಕೆಂಡೇ ಇರಬೇಕಷ್ಟೆ. ಮೊದಲನೇ ಎಮ್ಯುಲೇಟರ್ ಐವತ್ತೊಂದೇ ಸೆಕೆಂಡಿಗೆ ನಿಮಿಷ ಮುಗಿಸಿತು. ಎರಡನೆಯದೂ ಹಾಗೇ. ಮೂರನೆಯದು, ಎಲ್ಲರೂ ಒರಟು ಕೆಲಸವೆಂದು ಮೂಗು ಮುರಿಯುತ್ತಿದ್ದದ್ದು, ಅರವತ್ತಕ್ಕೆ ಸರಿಯಾಗಿ ನಿಂತಿತು. ಸ್ಟಾಪ್‌ವಾಚ್ ಮೂರನೆಯದಕ್ಕೆ ಪೂರ್ತಿ ಅಂಕ ಕೊಟ್ಟ. ಮೊದಲೆರಡನ್ನು ‘ಆತುರಗೇಡಿಗಳು’ ಎಂದು ಬರೆದು, ಪ್ರೋಗ್ರಾಮನ್ನೂ ಜೊತೆಗಿಟ್ಟು ಕೂಟಕ್ಕೆ ಕಳಿಸಿದ.

ಕೂಟದಲ್ಲೊಬ್ಬರು ಹಲ್ಲಿನ ಡಾಕ್ಟರು. ಅವರ ಬಳಿ ಆ ಯಂತ್ರ ಇನ್ನೂ ಜೀವಂತವಾಗಿತ್ತು. ಮರುದಿನ ಫೋನ್ ಮಾಡಿದರು.

“ನಿಮ್ಮ ಪ್ರೋಗ್ರಾಂ ನಮ್ಮ ಯಂತ್ರದಲ್ಲೇ ಓಡಿಸ್ದೆ. ಅದೂ ಐವತ್ತೊಂದಕ್ಕೇ ನಿಮಿಷ ಮುಗಿಸ್ತು.”

“ನಿಮ್ ಯಂತ್ರ ಕೆಟ್ಟಿರ್ಬೇಕು.”

“ಯಂತ್ರ ಸರಿಯಾಗೇ ಇದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ. ನಿಮ್ ಅಳತೆಗೋಲು ಒಂದ್ಸಲ ನೋಡ್ಕೊಳಿ.”

ಅವನಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪ್ರೋಗ್ರಾಮನ್ನು ಸಾಲು ಸಾಲಾಗಿ ಕಾಗದದ ಮೇಲೆ ಇಳಿಸಿಕೊಂಡ. ಪ್ರತಿ ಸಾಲಿಗೂ ಹತ್ತರ ಲೆಕ್ಕದಲ್ಲಿ ಒಂದು ಸಂಖ್ಯೆ: ನೂರ ಇಪ್ಪತ್ತು, ನೂರ ಮೂವತ್ತು, ನೂರ ಐವತ್ತು. ನೂರ ನಲವತ್ತು ಇರಲಿಲ್ಲ. ಅಟ್ಟದಿಂದ ಆ ಕಾಲದ ಚೌಕಳಿ ಪುಸ್ತಕ ತೆಗೆದ. ಅವನದೇ ಅಕ್ಷರ, ಪೆನ್ಸಿಲಿನಲ್ಲಿ: ‘ಮೂಲೆಯಲ್ಲಿ ಮಿನುಗುವ ಚುಕ್ಕಿ ಅಕ್ಕನ ಕಣ್ಣು ಕುಕ್ಕುತ್ತದಂತೆ. 140 ತೆಗೆದೆ.’

ಪ್ರತಿ ಎಣಿಕೆಗೂ ಒಂದು ಚುಕ್ಕಿ ಮಿನುಗಿಸುವ ಸಾಲು ಅದು. ಮಿನುಗಿಸಲು ಯಂತ್ರಕ್ಕೆ ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತನ್ನೂ ಸೇರಿಸಿಯೇ ಅವನು ನಿಮಿಷವನ್ನು ಅಳೆದಿದ್ದ. ಸಾಲು ತೆಗೆದ ಮೇಲೆ ಎಣಿಕೆ ಓಡಿತು, ನಿಮಿಷ ಒಂಬತ್ತು ಸೆಕೆಂಡು ಮೋಟಾಯಿತು. ಮತ್ತೆ ಅಳೆಯಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಈಗ ಆ ಸಾಲನ್ನು ವಾಪಸು ಸೇರಿಸಿ ಮೊದಲನೇ ಎಮ್ಯುಲೇಟರಿನಲ್ಲಿ ಹತ್ತು ಸಲ ಓಡಿಸಿದ. ಹತ್ತು ಸಲವೂ ಅರವತ್ತು.

ಆಮೇಲೆ ಪುಸ್ತಕದ ಅಂಚಿನಲ್ಲಿ ಇನ್ನೊಂದು ಲೆಕ್ಕ ಮಾಡಿದ. ಐವತ್ತೊಂದು ಸೆಕೆಂಡಿಗೆ ಮೂವತ್ತೆಂಟು ಪದವಾದರೆ ಅರವತ್ತಕ್ಕೆ ಎಷ್ಟು? ಉತ್ತರ ಬಂದ ಮೇಲೆ ಪೆನ್ಸಿಲ್ ಕೆಳಗಿಟ್ಟ. ಅವನಿಗೆ ಭಯವಾಯಿತು.

ಕೂಟಕ್ಕೆ ತಿದ್ದುಪಡಿ ಕಳಿಸುವುದು ಸುಲಭವಿತ್ತು: ಮೊದಲೆರಡಕ್ಕೆ ಪೂರ್ತಿ ಅಂಕ, ಮೂರನೆಯದು ನಿಧಾನ, ತಪ್ಪು ನನ್ನದು. ಅಕ್ಕನಿಗೆ ಹೇಳುವುದೇ ಕಷ್ಟ. ಸುಮ್ಮನಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಅರವತ್ತು ದಾಟಿದ ಹೆಂಗಸು, ನೆಮ್ಮದಿಯಾಗಿದ್ದಾಳೆ, ತನ್ನನ್ನು ನೋಡಿ ತಾನೇ ನಗುತ್ತಾಳೆ. ಮೂರು ದಿನ ಹೀಗೆಲ್ಲ ತನಗೆ ತಾನೇ ಹೇಳಿಕೊಂಡ. ಆದರೆ ಲಿಫ್ಟು ಅರ್ಧ ಬೆರಳು ಮೇಲೆ ನಿಂತಿದೆ ಎಂದು ಗೊತ್ತಿದ್ದೂ ಬಾಗಿಲು ಹಾಕಿಕೊಂಡು ಬಂದವನಲ್ಲ. ಭಾನುವಾರ ಬೆಳಿಗ್ಗೆ ಪುಸ್ತಕ ಹಿಡಿದು ಹೊರಟ.

ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ಒಳಗಿನ ಕೋಣೆಯಲ್ಲಿ ಭಾವ ಸ್ಟೂಲು ಹತ್ತಿ ಕಿಟಕಿಗೆ ಹೊಸ ಪರದೆ ಕಟ್ಟುತ್ತಿದ್ದರು. ಅವನು ಪುಸ್ತಕ ತೆರೆದಿಟ್ಟು, ನಿಂತಲ್ಲೇ ಎಲ್ಲ ಹೇಳಿದ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿಟ್ಟಳು. “ಅಂದ್ರೆ ನಂದು ಎಷ್ಟು?”

“ನಲವತ್ತೈದು. ಒಂಚೂರು ಕಮ್ಮಿ.”

“ನಲವತ್ತು ಸಾಕಿತ್ತು.”

“ಹೂಂ.”

ಬೈಯುತ್ತಾಳೆಂದು ಕಾದ. ಬೈದಿದ್ದರೆ ಅವನಿಗೂ ಹಗುರಾಗುತ್ತಿತ್ತು. ಅವಳು ಪುಸ್ತಕದ ಮೇಲಿನ ಪೆನ್ಸಿಲ್ ಗೆರೆಯನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು.

“ಗೋಡೆ ಗಡಿಯಾರ ಕಂಪ್ಯೂಟರಿನ ನೆತ್ತಿ ಮೇಲೇ ಇತ್ತಲ್ಲೋ.”

“ಇತ್ತು.”

“ನೀನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಕಂಪ್ಯೂಟರೇ ಹೇಳಿದ ಮೇಲೆ ಗಡಿಯಾರ ಯಾರು ನೋಡ್ತಾರೆ.” ಪುಸ್ತಕ ಮುಚ್ಚುತ್ತ ಮತ್ತೆ ಹೇಳಿದಳು, “ಕಣ್ಣು ಕುಕ್ಕುತ್ತೆ ಅಂದವಳೂ ನಾನೇ.”

ಒಳಗಿನಿಂದ ಭಾವನ ದನಿ ಕೇಳಿತು. “ಲೇ, ಪರದೆ ನಾಲ್ಕು ಬೆರಳು ಮೋಟು ಕಣೇ! ಮೂವತ್ತೆಂಟು!”

ಅಕ್ಕ ನಗಲಿಲ್ಲ. “ಆ ಮಾತು ಇನ್ಮೇಲೆ ಬೇಡ ರೀ,” ಎಂದಳು.

ಭಾವ ಕುತ್ತಿಗೆಗೆ ಟೇಪು ಸುತ್ತಿಕೊಂಡೇ ಬಾಗಿಲಿಗೆ ಬಂದರು. ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. “ಯಾಕೆ? ಏನಾಯ್ತು?”

“ಅವರಿಗೂ ಹೇಳು,” ಎಂದಳು ಅಕ್ಕ ತಮ್ಮನಿಗೆ. “ಮೊದಲಿಂದ ಹೇಳು.”

ಸ್ಟಾಪ್‌ವಾಚ್ ಮೊದಲಿನಿಂದ ಹೇಳಿದ. ಚುಕ್ಕಿ, ನೂರ ನಲವತ್ತನೇ ಸಾಲು, ಐವತ್ತೊಂದು ಸೆಕೆಂಡು. ನಲವತ್ತೈದು ಎನ್ನುವಲ್ಲಿಗೆ ಬಂದಾಗ ಅಕ್ಕ ಅವನನ್ನು ತಡೆದು, “ಅದನ್ನ ಇನ್ನೊಂದ್ಸಲ ಹೇಳು,” ಎಂದಳು.