ಹುಕ್ಕೇರಿ ಬಸ್ಸಿನಲ್ಲಿ ಖಾಲಿ ತೊಟ್ಟಿಲು

ಈ ವರ್ಷ ಮಗಳ ಬಾಣಂತನ ಮುಗಿಯುವಷ್ಟರಲ್ಲೇ ಅಳಿಯನಿಗೆ ಮೂಡಲಗಿಯಿಂದ ಹುಕ್ಕೇರಿಗೆ ವರ್ಗವಾಯಿತು. ಐದು ತಿಂಗಳು ನನ್ನ ಮಗ್ಗುಲಲ್ಲಿ ಮಲಗಿದ ಮೊಮ್ಮಗಳು ಗೋಕಾಕದ ನಮ್ಮ ಮನೆ ಬಿಟ್ಟು ಹೋದಳು; ಅವಸರದಲ್ಲಿ ಅವಳ ತೊಟ್ಟಿಲು ನಮ್ಮಲ್ಲೇ ಉಳಿಯಿತು. ಅದನ್ನು ಮುಟ್ಟಿಸುವ ನೆಪ ಮಾಡಿಕೊಂಡು ನಾನೇ ಬಸ್ಸು ಹತ್ತಿದೆ.

ರಸ್ತೆಯ ತಗ್ಗು ಬಂದಾಗಲೆಲ್ಲ ಕಾಲಬಳಿ ಇಟ್ಟ ತೊಟ್ಟಿಲು ತೂಗುತ್ತಿತ್ತು. ಬಾಜೂ ಕೂತಿದ್ದ ಮುದುಕಿಗೆ ಅದನ್ನು ನೋಡಲಾಗಲಿಲ್ಲ.

"ಯವ್ವಾ, ಖಾಲಿ ತೊಟ್ಟಿಲಾ ತೂಗಬಾರ್ದು. ಕೂಸಿಗೆ ಚಲೋ ಅಲ್ಲ."

"ನಾ ಎಲ್ಲಿ ತೂಗಾಕತ್ತೇನ್ರಿ ಆಯಿ, ಬಸ್ಸು ತೂಗಾಕತ್ತೈತಿ. ನಾ ಬಿ.ಎಸ್ಸಿ. ಓದೇನಿ, ಇಂಥಾದ್ದೆಲ್ಲಾ ನಂಬೂದಿಲ್ಲ."

"ನೀ ಓದಿದಿ ಖರೆ. ಕೂಸು ಓದೇತೇನು?"

ಸುತ್ತಲಿನವರು ನಕ್ಕರು. ಮುದುಕಿ ತನ್ನ ಚೀಲದಿಂದ ಒಂದು ಕುಂಬಳಕಾಯಿ ತೆಗೆದು ತೊಟ್ಟಿಲಲ್ಲಿ ಮಲಗಿಸಿದಳು. ಅದು ಉರುಳದಂತೆ ನಾನು ಮೇಲೊಂದು ಕೈ ಇಟ್ಟೆ. ದುಂಡಗೆ, ಬಿಸಿಲಿಗೆ ಬೆಚ್ಚಗಾಗಿತ್ತು. ಮೊಮ್ಮಗಳ ಬೆನ್ನು ತಟ್ಟಿ ಎಷ್ಟು ದಿನವಾಯಿತು ಎನಿಸಿತು.

ಘಟಪ್ರಭಾ ಬಂದಾಗ ಮುದುಕಿ ಎದ್ದಳು. ನನ್ನ ಕೈ ಸರಿಯಲಿಲ್ಲ.

"ಕೊಡವ್ವಾ, ಸಂಜಿಗೆ ಪಲ್ಯಾ ಮಾಡಬೇಕು."

ಕೊಟ್ಟೆ. ಮುಂದಿನ ದಾರಿಗೆ ನನ್ನ ಕೈಚೀಲವನ್ನೇ ತೊಟ್ಟಿಲಲ್ಲಿ ಮಲಗಿಸಿ, ಹುಕ್ಕೇರಿ ಬರುವವರೆಗೂ ಮೆಲ್ಲಗೆ ತಟ್ಟುತ್ತಾ ಕೂತೆ. ತಟ್ಟಬೇಕೆಂದು ಮಾತ್ರ ಮುದುಕಿ ಹೇಳಿರಲಿಲ್ಲ.