ಕೆಂಪಸಿದ್ದಯ್ಯನ ಕೂಗು

ನಮ್ಮೂರಿನ ನೀರುಗಂಟಿ ಕೆಂಪಸಿದ್ದಯ್ಯನ ಗಂಟಲು ದೊಡ್ಡದು. ನಾಲೆಯ ತೂಬು ತೆಗೆಯುವುದು, ಯಾರ ಗದ್ದೆಗೆ ಯಾವಾಗ ಸರದಿ ಎಂದು ಸಾರುವುದು ಅವನ ಕೆಲಸ. ಕೂಗು ಯಾವಾಗಲೂ ಶುರುವಾಗುತ್ತಿದ್ದುದು ಕೊನೆಯ ಬಯಲಿನಿಂದ. ತೂಬಿನ ಪಕ್ಕದವರಿಗೆ ನೀರಿನ ಸದ್ದೇ ಕೇಳುತ್ತದೆ, ಕೊನೆಯವರಿಗೆ ಹೇಳುವವರು ಬೇಕು ಎನ್ನುತ್ತಿದ್ದ. ಅವನು ಹಾಗೆ ಕೂಗಿಕೊಂಡು ಬಂದಷ್ಟು ಕಾಲ ಸರದಿ ತಪ್ಪಿತೆಂದು ಯಾರೂ ಜಗಳವಾಡಿದ್ದು ನನಗೆ ನೆನಪಿಲ್ಲ.

ಹೋದ ವರ್ಷ ಶಶಿಧರ್ ಊರಿಗೊಂದು ವಾಟ್ಸಾಪ್ ಗುಂಪು ಮಾಡಿದ. ನಾಲೆಯ ಮೊದಲ ಗದ್ದೆಗಳು ಅವನವು, ಮದ್ದೂರಿನಲ್ಲಿ ಗೊಬ್ಬರದಂಗಡಿ ಬೇರೆ. ಗುಂಪಿನಲ್ಲಿ ಬೆಳಗಾದರೆ ಹೂವಿನ ಚಿತ್ರ, ಸಂಜೆಯಾದರೆ ಪಕ್ಷಗಳ ಕಿತ್ತಾಟ, ನಡುವೆ ಎಲ್ಲೋ ನೀರಿನ ಸುದ್ದಿ. ಕೊನೆಯ ಬಯಲಿನ ಚಿಕ್ಕಮಾದಮ್ಮನ ಬಳಿ ಇರುವುದು ಗುಂಡಿ ಒತ್ತುವ ಫೋನು. ಅದರಲ್ಲಿ ಹೂವೂ ಇಲ್ಲ, ಗುಂಪೂ ಇಲ್ಲ.

ಈ ಸಲ ಅವಳು ಭತ್ತದ ಒಟ್ಲು ಬಿಟ್ಟಿದ್ದಳು. ನಾಟಿಗೆ ಬೇಕಾದ ಸಸಿಯೆಲ್ಲ ಆ ಮಡಿಯಲ್ಲೇ ಇತ್ತು. ಮಳೆ ಕೈಕೊಟ್ಟಿತ್ತು, ನಾಲೆ ನೀರು ಗುರುವಾರ ಎಂದಿತ್ತು. ಮಂಗಳವಾರ ಬೆಳಗ್ಗೆ, ಅದು ನಾಳೆಗೇ ಬರುತ್ತದೆಂದು ಸುದ್ದಿಯಾಯಿತು. ಕೆಂಪಸಿದ್ದಯ್ಯ ಕೋಲು ಹಿಡಿದು ಹೊರಟ. ಶಶಿಧರ್ ಅವನ ಬಾಯಿಗೆ ಫೋನು ಹಿಡಿದು, "ಇದ್ರಲ್ಲೇ ಕೂಗ್ಬುಡ್ಲಾ, ಎಲ್ರಿಗೂ ಓಯ್ತದೆ. ಸುಮ್ನೆ ಯಾಕೆ ಬಿಸ್ಲಲ್ಲಿ ಅಲೀತೀಯ?" ಎಂದ. ತಂದೆಯ ವಯಸ್ಸಿನವನನ್ನು 'ಲಾ' ಎನ್ನಲು ಅವನ ನಾಲಿಗೆ ತಡವರಿಸುವುದಿಲ್ಲ, ಆ ಮಾತು ಇರಲಿ. ಕೆಂಪಸಿದ್ದಯ್ಯ ಕೂಗಿದ. ತನ್ನ ಕೂಗು ತನಗೇ ವಾಪಸು ಕೇಳಿದಾಗ ಮಗುವಿನ ಹಾಗೆ ನಕ್ಕ. ಇಷ್ಟು ಚೆನ್ನಾಗಿ ಕೇಳುವುದು ಊರಿಗೆಲ್ಲ ಕೇಳದೆ ಇರುತ್ತದೆಯೇ ಎಂದು ನಂಬಿ ಮನೆಗೆ ಹೋದ.

ಬುಧವಾರ ನೀರು ಬಂತು. ಗದ್ದೆಗೆ ನೀರು ಹಾಯಿಸುವ ಮಡೆಯನ್ನು ಅವರವರೇ ತೆಗೆಯಬೇಕು, ನೀರುಗಂಟಿ ಮುಟ್ಟುವಂತಿಲ್ಲ. ಇದು ನಮ್ಮ ಬಯಲಿನ ಕಟ್ಟುಪಾಡು. ಚಿಕ್ಕಮಾದಮ್ಮ ಅಂದು ಪಕ್ಕದೂರಿಗೆ ಕಬ್ಬಿನ ಕಳೆ ತೆಗೆಯಲು ಹೋಗಿದ್ದಳು. ಅವಳ ಪಾಲಿನ ನೀರನ್ನು ಮೇಲಿನವರು ತಿರುಗಿಸಿಕೊಂಡರು. ಗುರುವಾರ ಮಡೆ ತೆಗೆಯಲು ಸನಿಕೆ ಹಿಡಿದು ಬಂದಾಗ ಕಾಲುವೆಯಲ್ಲಿ ಕೆಸರಷ್ಟೇ ಇತ್ತು.

ಅಂದೇ ಅರಳಿಕಟ್ಟೆಗೆ ಬಂದು ನ್ಯಾಯ ಕೇಳಿದಳು. "ನಂಗ್ಯಾರೂ ಏಳ್ನಿಲ್ಲ ಕಣ್ರಪ್ಪ. ಒಂದ್ ಗಳಿಗೆ ನೀರ್ ಬುಡಿ, ಪೈರು ಸತ್ತೋಯ್ತದೆ."

ಶಶಿಧರ್ ಫೋನು ಒತ್ತಿದ. ಕೆಂಪಸಿದ್ದಯ್ಯನ ಕೂಗು ಕಟ್ಟೆಯ ತುಂಬ ಕೇಳಿತು: "ನಾಳೀಕೇ ನೀರು ಕಣ್ರಪ್ಪೋ! ಕೊನೆ ಬಯ್ಲೋರು ಉಸಾರು!"

"ಏಳ್ನಿಲ್ಲ ಅಂತೀಯಲ್ಲಮ್ಮ?" ಎಂದರು ಹಿರಿಯರು. ಅವಳ ಫೋನಿಗೆ ಅದು ಬರುವುದಿಲ್ಲ ಎಂದು ನಾನು ಅಂದರೆ, "ಅಂಗಾರೆ ಒಳ್ಳೇದು ತಗಬೇಕಿತ್ತು" ಎಂಬ ಉತ್ತರ ಬಂತು. ನನಗೆ ಮೈ ಉರಿದುಹೋಯಿತು. ಕೆಂಪಸಿದ್ದಯ್ಯ ಎದ್ದು ನಿಂತು, "ಗಂಟ್ಲು ನಂದೇ, ಬುದ್ದಿ. ಆದ್ರೆ ನಾನು ಅವ್ಳ ಬಾಗ್ಲಿಗೆ ಓಗ್ನಿಲ್ಲ" ಎಂದ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನೀರೂ ಬಿಡಲಿಲ್ಲ.

ಮುಂದಿನ ಸರದಿಗೆ ಅವನು ಯಾರ ಫೋನಿಗೂ ಬಾಯಿ ಕೊಡಲಿಲ್ಲ. ಕೋಲು ಹಿಡಿದು ನೇರ ಚಿಕ್ಕಮಾದಮ್ಮನ ಬಾಗಿಲಿಗೆ ಹೋಗಿ, "ನಾಳೆ ನಿನ್ ಸರ್ದಿ ಕಣಮ್ಮ" ಎಂದು ಕೂಗಿದ.

ಅವಳು ಒಟ್ಲಿನಲ್ಲಿ ಒಣಗಿದ ಪೈರು ಕಿತ್ತು ತಂದು ಹಸುವಿನ ಮುಂದೆ ಹಾಕುತ್ತಿದ್ದಳು. ತಿರುಗಿ ನೋಡಲಿಲ್ಲ.

"ಯಾವ್ ಒಟ್ಲಿಗಯ್ಯ?" ಎಂದಳು.